ಚರ್ಮದ ಕೆಳಗಿನ ಗಡ್ಡೆಗೆ ಲೇಪ ಹಚ್ಚಿದರೆ ಹೋಗುತ್ತದೆಯೇ?

ಉಣಕಲ್ ಸೊಸೆ:
ನಮ್ಮ ಅತ್ತೆಯವರಿಗೆ ಬಲಭುಜದ ಹಿಂದೆ, ಚರ್ಮಕ್ಕೆ ತಾಗಿದಂತೆ ಒಂದು ಗಡ್ಡೆ ಇದೆ. ಬಹಳ ವರ್ಷ ಅಡಿಕೆಯಷ್ಟೇ ಇತ್ತು, ನೋವಿರಲಿಲ್ಲ. ಈ ಬೇಸಿಗೆಯಿಂದ ಬೆಳೆದು ದೊಡ್ಡ ನಿಂಬೆಹಣ್ಣಿನ ಗಾತ್ರಕ್ಕೆ ಬಂದಿದೆ, ಮೇಲಿನ ಚರ್ಮ ಕೆಂಪಗಾಗಿದೆ. ಆಸ್ಪತ್ರೆ ಎಂದ ಕೂಡಲೇ "ಕೊಯ್ಯುತ್ತಾರೆ" ಎಂದು ಅಳಲು ಕೂರುತ್ತಾರೆ. ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಲೇಪ ಹಚ್ಚಿ ಗಡ್ಡೆಯನ್ನು ಬೇರುಸಹಿತ ಉದುರಿಸುತ್ತಾರೆ ಎಂದು ನೆರೆಮನೆಯವರು ಹೇಳಿದ್ದಾರೆ. ಹೊರದೇಶದ ಯಾವುದೋ ಕಪ್ಪು ಮುಲಾಮಿನ ಜಾಹೀರಾತೂ ಮೊಬೈಲಿನಲ್ಲಿ ಪದೇ ಪದೇ ಬರುತ್ತಿದೆ. ಬಳಸಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಕಪ್ಪತಗುಡ್ಡದವ:
ತಂಗಿ, ಹೆದರಬೇಡ. ನಾನು ಮುಂಡರಗಿ ಕಡೆಯವನು. ನಮ್ಮ ಕಪ್ಪತಗುಡ್ಡದಲ್ಲಿರುವ ಗಿಡಮೂಲಿಕೆಗಳು ನಿಮ್ಮ ಹುಬ್ಬಳ್ಳಿಯ ಯಾವ ಔಷಧದ ಅಂಗಡಿಯಲ್ಲೂ ಸಿಗುವುದಿಲ್ಲ. 2019ರಲ್ಲಿ ಸರ್ಕಾರ ಅದನ್ನು ವನ್ಯಜೀವಿ ಧಾಮ ಎಂದು ಘೋಷಿಸಿದ್ದು ಸುಮ್ಮನೆ ಅಲ್ಲ. ಗಡ್ಡೆ ಹೊರಗೆ ಕೈಗೆ ಸಿಗುವಾಗ ಹೊರಗಿನಿಂದಲೇ ಮದ್ದು ಹಚ್ಚುವುದು ನೇರವಾದ ದಾರಿ. ಆಯುರ್ವೇದದ ಸುಶ್ರುತನೇ ಕ್ಷಾರವನ್ನು, ಅಂದರೆ ಗಿಡದ ಬೂದಿಯಿಂದ ಮಾಡುವ ಸುಡುವ ಮದ್ದನ್ನು, ಶಸ್ತ್ರಕ್ಕಿಂತ ಮೇಲು ಎಂದಿದ್ದಾನೆ. ಅದು ಹಳೆಯ ಮಾತು ಎನ್ನುವವರಿಗೆ ಹೊಸದನ್ನೂ ಹೇಳುತ್ತೇನೆ. 1987ರಲ್ಲಿ ಕೇರಳದ ಸಂಶೋಧಕರು ಹೊರಗೆ ಒಡೆದ ಕ್ಯಾನ್ಸರ್ ಹುಣ್ಣುಗಳಿಗೆ ಅರಿಸಿನದ ಸಾರವನ್ನೂ ಅದರ ಮುಲಾಮನ್ನೂ ಹಚ್ಚಿ ನೋಡಿದರು. ಶೇಕಡಾ 90ರಷ್ಟು ರೋಗಿಗಳಿಗೆ ಗುಣ ಕಂಡಿತು. ಇನ್ನು ಆ ಕಪ್ಪು ಮುಲಾಮನ್ನು ಅಮೆರಿಕದ ದೊಡ್ಡ ಶಸ್ತ್ರವೈದ್ಯನೊಬ್ಬ, ಫ್ರೆಡರಿಕ್ ಮೋಸ್, ತಾನೇ ಬಳಸುತ್ತಿದ್ದ. ಕೊಯ್ದರೆ ಹರಡುತ್ತದೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅತ್ತೆಯವರ ಮಾತು ಕೇಳು.

ಸಪ್ತಾಪುರ ಮಾಸ್ತರ:
ಶೇಕಡಾ 90 ಎಂದಿರಿ. ಏನು ಶೇಕಡಾ 90? ಆ ವರದಿಯನ್ನು ನಾನೂ ಓದಿದ್ದೇನೆ. ಅದರಲ್ಲಿದ್ದವರು ಒಟ್ಟು 62 ರೋಗಿಗಳು. ಶೇಕಡಾ 90ರಷ್ಟು ಜನರಲ್ಲಿ ಕಡಿಮೆಯಾದದ್ದು ಹುಣ್ಣಿನ ವಾಸನೆ. ಬಹುತೇಕ ಎಲ್ಲರಿಗೂ ತುರಿಕೆ ಇಳಿಯಿತು. ಶೇಕಡಾ 70ರಷ್ಟು ಹುಣ್ಣುಗಳು ಒಣಗಿದವು. ಹುಣ್ಣಿನ ಗಾತ್ರವೂ ನೋವೂ ತಗ್ಗಿದ್ದು ಶೇಕಡಾ 10ರಷ್ಟು ಜನರಲ್ಲಿ, ಅಂದರೆ ಆರು ಮಂದಿಯಲ್ಲಿ. ತಗ್ಗಿತು ಎಂದಿದ್ದಾರೆ, ಹೋಯಿತು ಎಂದಿಲ್ಲ. ವಾಸನೆ ಹೋದದ್ದನ್ನು ಗುಣವಾಯಿತು ಎಂದು ಹೇಳಿ ಒಬ್ಬ ಹೆಣ್ಣುಮಗಳನ್ನು ದಾರಿ ತಪ್ಪಿಸುತ್ತಿದ್ದೀರಿ.

ಕಪ್ಪತಗುಡ್ಡದವ:
ಶೇಕಡಾ 70ರಷ್ಟು ಒಣಗಿದವು ಎಂದು ನೀವೇ ಬರೆದಿದ್ದೀರಿ, ಮಾಸ್ತರರೇ. ಹುಣ್ಣು ಒಣಗುವುದು ನಿಮ್ಮ ಲೆಕ್ಕದಲ್ಲಿ ಏನೂ ಅಲ್ಲವೇ? ಒಣಗುವುದೇ ವಾಸಿಯಾಗುವುದರ ಮೊದಲ ಮೆಟ್ಟಿಲು. ಮೋಸ್ ಬಗ್ಗೆ ಬಾಯಿ ಬಿಡಲಿಲ್ಲ, ಗಮನಿಸಿದ್ದೇನೆ.

ಡ್ರೆಸ್ಸಿಂಗ್ ಸಿಸ್ಟರ್:
ಒಣಗುವ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಡ್ರೆಸ್ಸಿಂಗ್ ಕೋಣೆಯಲ್ಲಿ ಬಹಳ ಕಾಲ ಕೆಲಸ ಮಾಡಿದವಳು ನಾನು. ನಾಟಿ ಮದ್ದು ಹಚ್ಚಿಕೊಂಡು ಬಂದವರನ್ನು ಪಟ್ಟಿ ಬಿಚ್ಚುವ ಮೊದಲೇ ಗುರುತಿಸಬಲ್ಲೆ: ಸುಣ್ಣ ಬೆಲ್ಲ, ಎಕ್ಕದ ಹಾಲು, ಕೇರೆಣ್ಣೆ, ಮೈಲುತುತ್ತ, ತಂಬಾಕಿನ ಪುಡಿ. ಇವುಗಳಲ್ಲಿ ಹೆಚ್ಚಿನವು ಚರ್ಮವನ್ನು ಸುಡುತ್ತವೆ. ಸುಟ್ಟ ಚರ್ಮ ಕಪ್ಪು ಹಕ್ಕಳೆಯಾಗುತ್ತದೆ, ಹಕ್ಕಳೆ ಒಂದು ದಿನ ಕಳಚಿ ಬೀಳುತ್ತದೆ. ಅದನ್ನು ಬಟ್ಟಲಿನಲ್ಲಿಟ್ಟು "ಬೇರು ಬಂದಿತು ನೋಡಿ" ಎಂದು ತೋರಿಸಿ ದಕ್ಷಿಣೆ ತೆಗೆದುಕೊಳ್ಳುತ್ತಾರೆ. ಕೆಳಗಿನ ಗಡ್ಡೆ ಅಲ್ಲಿಯೇ ಇರುತ್ತದೆ. ಮೊದಲು ಅದರ ಮೇಲೆ ಚರ್ಮವಾದರೂ ಇತ್ತು, ಈಗ ಅದೂ ಇಲ್ಲ.

ಗಡ್ಡೆ ಒಡೆದು ವಾಸನೆ ಬಂದರೆ ನಾವೂ ಹೊರಗಿನಿಂದ ಹಚ್ಚುತ್ತೇವೆ. ವಾಸನೆ ತರುವ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಮೆಟ್ರೋನಿಡಜೋಲ್ ಹಾಕುತ್ತೇವೆ, ಇದ್ದಿಲಿನ ಪಟ್ಟಿ ಕಟ್ಟುತ್ತೇವೆ, ಗಾಯಕ್ಕೆಂದೇ ಶುದ್ಧಿ ಮಾಡಿದ ಜೇನುತುಪ್ಪವೂ ಇದೆ. ರೋಗಿಯ ಪಕ್ಕದಲ್ಲಿ ಮೊಮ್ಮಗ ಕುಳಿತು ಊಟ ಮಾಡುವಂತಾಗುವುದು ಸಣ್ಣ ವಿಷಯವಲ್ಲ. ಆದರೆ ಅದನ್ನು ಕ್ಯಾನ್ಸರ್ ಚಿಕಿತ್ಸೆ ಎಂದು ನಾವು ಯಾರಿಗೂ ಹೇಳುವುದಿಲ್ಲ.

ಉಣಕಲ್ಲಿನ ಅಕ್ಕಾವರೇ, ಮೊದಲು ಅದು ಏನು ಎಂದು ಪರೀಕ್ಷೆಯಾಗಲಿ. ಕೊಬ್ಬಿನ ಗಡ್ಡೆಯಾಗಿರಬಹುದು, ಕೀವು ಕಟ್ಟಿದ ಚೀಲವಾಗಿರಬಹುದು, ಬೇರೆ ಏನಾದರೂ ಆಗಿರಬಹುದು. ಸುಮ್ಮನಿದ್ದ ಗಡ್ಡೆ ಹಠಾತ್ತನೆ ಬೆಳೆದರೆ, 5 ಸೆಂಟಿಮೀಟರ್ ದಾಟಿದರೆ, ಕೆಳಗಿನ ಮಾಂಸಕ್ಕೆ ಅಂಟಿಕೊಂಡು ಅಲುಗದಿದ್ದರೆ ತಡಮಾಡಬಾರದು.

ಹೋರಿ ಅಭಿಮಾನಿ, ಹಾವೇರಿ:
ಪರೀಕ್ಷೆಯಾಗಲಿ, ಪರೀಕ್ಷೆಯಾಗಲಿ! ಎಲ್ಲಿ ಹೋದರೂ ಇದೊಂದೇ ರಾಗ. ನಮ್ಮ ಹೋರಿಗೆ ಕೋಡಿನ ಬುಡದಲ್ಲಿ ಗಡ್ಡೆ ಎದ್ದು ರಕ್ತ ಸೋರುತ್ತಿದ್ದಾಗ ನಾವು ಯಾವ ಪರೀಕ್ಷೆಯನ್ನೂ ಮಾಡಿಸಲಿಲ್ಲ. ಹಾನಗಲ್ ಕಡೆಯ ಒಬ್ಬ ಅಜ್ಜ ಬಂದು ಲೇಪ ಕಟ್ಟಿದ. ಗಡ್ಡೆ ಕಪ್ಪಾಗಿ, ಒಣಗಿ, ಇಡಿಯಾಗಿ ಉದುರಿತು. ಅದೇ ಹೋರಿ ಮುಂದಿನ ದೀಪಾವಳಿಯಲ್ಲಿ ಕೊಬ್ಬರಿ ಹಾರ ಕಟ್ಟಿಕೊಂಡು ಓಡಿತು, ಒಬ್ಬನೂ ಕೈ ಹಾಕಲಾಗಲಿಲ್ಲ. ಅದು ಕೋಡಿನ ಕ್ಯಾನ್ಸರ್ ಎಂದು ಊರಿಗೆ ಊರೇ ಹೇಳುತ್ತಿತ್ತು. ಮೂಕಪ್ರಾಣಿ ಸುಳ್ಳು ಹೇಳುವುದಿಲ್ಲ.

ರಾಣೆಬೆನ್ನೂರು ನಿವೃತ್ತ ಪಶುವೈದ್ಯ:
ನಾನು ಇಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ, ಆದರೆ ಕೋಡಿನ ಕ್ಯಾನ್ಸರ್ ಎಂದಿದ್ದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಆ ರೋಗ ಕೋಡಿನ ಬುಡದ ಚರ್ಮದ ಮೇಲೆ ಗಡ್ಡೆಯಾಗಿ ಶುರುವಾಗುವುದಿಲ್ಲ. ಕೋಡಿನ ಒಳಗಿನ ಪೊಳ್ಳು ಎಲುಬಿನ ಒಳಪದರದಲ್ಲಿ ಹುಟ್ಟುತ್ತದೆ. ದನ ತಲೆ ಕೊಡವುತ್ತದೆ, ಕೋಡನ್ನು ಗೋಡೆಗೆ ಉಜ್ಜುತ್ತದೆ, ಒಂದು ಕಡೆಯ ಮೂಗಿನಿಂದ ರಕ್ತ ಬರುತ್ತದೆ, ಬರುಬರುತ್ತ ಕೋಡು ವಾಲುತ್ತದೆ. ಹೊರಗಿನ ಲೇಪ ಅಲ್ಲಿಗೆ ತಲುಪುವ ದಾರಿಯೇ ಇಲ್ಲ. ಅದಕ್ಕೆ ಮಾಡುವುದು ಕೋಡನ್ನು ಬುಡಸಹಿತ ಕತ್ತರಿಸಿ ಚರ್ಮ ಮುಚ್ಚಿ ಹೊಲಿಯುವುದು, ಜೊತೆಗೆ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಚುಚ್ಚುಮದ್ದು.

ಒಂದು ಪ್ರಶ್ನೆ: ನಿಮ್ಮದು ಬೀಜ ಒಡೆಸಿದ ಎತ್ತೋ, ಬೀಜದ ಹೋರಿಯೋ?

ಹೋರಿ ಅಭಿಮಾನಿ, ಹಾವೇರಿ:
ಹೋರಿ ಎಂದು ಬರೆದಿದ್ದೇನೆ, ಕಣ್ಣಿಗೆ ಕಾಣಿಸಲಿಲ್ಲವೇ? ಹಾವೇರಿಯ ಹಬ್ಬದಲ್ಲಿ ಓಡುವ ಹೋರಿಯನ್ನು ಎತ್ತು ಎನ್ನುವುದು ಅವಮಾನ. ಅದಕ್ಕೂ ರೋಗಕ್ಕೂ ಏನು ಸಂಬಂಧ?

ರಾಣೆಬೆನ್ನೂರು ನಿವೃತ್ತ ಪಶುವೈದ್ಯ:
ಸಂಬಂಧವಿದೆ. ಕೋಡಿನ ಕ್ಯಾನ್ಸರ್ ಹೆಚ್ಚಾಗಿ ಬರುವುದು ದುಡಿಯುವ ಎತ್ತುಗಳಿಗೆ. ಬೀಜದ ಹೋರಿಗಳಲ್ಲಿ ಅಪರೂಪ. ನೀವು ಹೇಳಿದ ಲಕ್ಷಣವೂ ಹೊಂದುವುದಿಲ್ಲ, ಪ್ರಾಣಿಯೂ ಹೊಂದುವುದಿಲ್ಲ. ನಿಮ್ಮ ಹೋರಿಗೆ ಇದ್ದದ್ದು ಬಹುಶಃ ನರಹುಲಿಯ ಗಂಟು, ಇಲ್ಲವೇ ಹಗ್ಗ ಉಜ್ಜಿ ಎದ್ದ ಬಾವು. ಎಳೆಯ ದನಗಳ ನರಹುಲಿಗಳು ವೈರಾಣುವಿನಿಂದ ಬರುತ್ತವೆ, ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾವಾಗಿಯೇ ಒಣಗಿ ಉದುರುತ್ತವೆ. ಅಜ್ಜ ಲೇಪ ಹಚ್ಚದೆ ಬರಿಗೈಯಲ್ಲಿ ಬೆನ್ನು ಸವರಿ ಹೋಗಿದ್ದರೂ ಉದುರುತ್ತಿತ್ತು.

ಕಪ್ಪತಗುಡ್ಡದವ:
ಪಶುವೈದ್ಯರಿಗೆ ಧನ್ಯವಾದ. ವಿನ್‌ಕ್ರಿಸ್ಟಿನ್ ಎಂದಿರಲ್ಲ, ಅದು ಎಲ್ಲಿಂದ ಬಂದಿತು? ನಮ್ಮ ಹಿತ್ತಿಲಿನ ನಿತ್ಯಪುಷ್ಪದಿಂದ! ಕಾಶಿ ಕಣಗಿಲೆ ಎಂದು ದೇವರ ಪೂಜೆಗೆ ಕೀಳುವ ಅದೇ ಹೂವಿನ ಗಿಡ. ಗಿಡದಿಂದ ಬಂದದ್ದನ್ನು ಸೀಸೆಗೆ ತುಂಬಿ ಇಂಗ್ಲಿಷ್ ಹೆಸರು ಕೊಟ್ಟರೆ ವಿಜ್ಞಾನ, ನಮ್ಮ ಅಜ್ಜ ಅರೆದು ಹಚ್ಚಿದರೆ ಮೂಢನಂಬಿಕೆ.

ರಾಣೆಬೆನ್ನೂರು ನಿವೃತ್ತ ಪಶುವೈದ್ಯ:
ಗಿಡದಿಂದಲೇ ಬಂದದ್ದು, ಯಾರೂ ಇಲ್ಲ ಎನ್ನಲಿಲ್ಲ. ಆದರೆ ಅದನ್ನು ಅಳತೆ ಮಾಡಿ ರಕ್ತನಾಳದೊಳಗೆ ಕೊಡುತ್ತೇವೆ. ಸೂಜಿ ಜರುಗಿ ಸ್ವಲ್ಪ ಹೊರಗೆ ಸೋರಿದರೆ ಅಲ್ಲಿನ ಮಾಂಸ ಕೊಳೆಯುತ್ತದೆ. ಅದನ್ನು ಅರೆದು ಹಚ್ಚುವ ಮಾತನ್ನು ಇಲ್ಲಿ ದಯವಿಟ್ಟು ಆಡಬೇಡಿ. ಯಾರಾದರೂ ನಿಜವೆಂದು ನಂಬಿ ಹಿತ್ತಿಲಿಗೆ ಹೋದಾರು.

ಹೋರಿ ಅಭಿಮಾನಿ, ಹಾವೇರಿ:
"ಬಹುಶಃ ನರಹುಲಿ". ಬಹುಶಃ! ಕಣ್ಣಿಂದ ನೋಡದೆ ಬಹುಶಃ ಎನ್ನುವುದಕ್ಕೆ ನಿಮಗೆ ಪಿಂಚಣಿ ಕೊಡುತ್ತಿದ್ದಾರೆಯೇ? ನೀವು ಹೋರಿಯನ್ನು ನೋಡಿಲ್ಲ, ಅಜ್ಜ ನೋಡಿದ್ದ.

ಸಪ್ತಾಪುರ ಮಾಸ್ತರ:
ಅಭಿಮಾನಿಗಳೇ, ನೋಡದೆ ಹೇಳಬಾರದು ಎಂಬ ನಿಯಮ ನನಗೂ ಒಪ್ಪಿಗೆ. ಅದೇ ನಿಯಮದಂತೆ, ನೋಡದೆ ಅದನ್ನು ಕ್ಯಾನ್ಸರ್ ಎಂದವರು ಯಾರು? ಊರಿಗೆ ಊರೇ. ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟವರು? ಯಾರೂ ಇಲ್ಲ. ಕ್ಯಾನ್ಸರ್ ಎಂದು ಗೊತ್ತಿಲ್ಲದ್ದು ವಾಸಿಯಾದರೆ ಅದು ಕ್ಯಾನ್ಸರ್ ವಾಸಿಯಾದಂತೆ ಹೇಗಾಯಿತು?

ಮೋಸ್ ಬಗ್ಗೆ ಕೇಳಿದ್ದಕ್ಕೂ ಉತ್ತರ ಕೊಡುತ್ತೇನೆ. ಮೋಸ್ 1930ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲಿ ಸತು ಕ್ಲೋರೈಡ್ ಇದ್ದ ಲೇಪ ಬಳಸಿದ್ದು ನಿಜ. ಆದರೆ ಲೇಪ ಹಚ್ಚಿ ರೋಗಿಯನ್ನು ಮನೆಗೆ ಕಳಿಸಲಿಲ್ಲ. ಲೇಪ ಆ ಜಾಗದ ಮಾಂಸವನ್ನು ಗಟ್ಟಿ ಮಾಡುತ್ತಿತ್ತು. ಅವನು ಅದನ್ನು ಪದರವಾಗಿ ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಎಲ್ಲಿ ಕ್ಯಾನ್ಸರ್ ಉಳಿದಿದೆಯೋ ಅಲ್ಲಿಗೆ ಮಾತ್ರ ಮತ್ತೆ ಹಚ್ಚಿ ಮತ್ತೆ ಕತ್ತರಿಸುತ್ತಿದ್ದ. ವಾಸಿ ಮಾಡಿದ್ದು ಚಾಕು ಮತ್ತು ಸೂಕ್ಷ್ಮದರ್ಶಕ. ಅದರಿಂದ ನೋವೂ ಹೆಚ್ಚು, ದಿನಗಳೂ ಹೆಚ್ಚು ಎಂದು ಮುಂದೆ ಆ ವಿಧಾನದಿಂದ ಲೇಪವನ್ನೇ ಕೈಬಿಟ್ಟರು. ಮೋಸ್ ಹೆಸರಿನ ಶಸ್ತ್ರಚಿಕಿತ್ಸೆ ಇಂದಿಗೂ ಲೇಪವಿಲ್ಲದೆ ನಡೆಯುತ್ತಿದೆ.

ಕಪ್ಪತಗುಡ್ಡದವ:
ಅಂದರೆ ಬಳಸಿದ್ದು ನಿಜ. ಅಷ್ಟೇ ಸಾಕು ನನಗೆ.

ಕೊಪ್ಪೀಕರ ರಸ್ತೆ ಔಷಧದಂಗಡಿ:
ಕಪ್ಪು ಮುಲಾಮು ತರಿಸಿಕೊಡಿ ಎಂದು ನಮ್ಮ ಅಂಗಡಿಗೂ ಜನ ಬರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಎರಡು: ಉತ್ತರ ಅಮೆರಿಕದ ಸಾಂಗ್ವಿನೇರಿಯಾ ಎಂಬ ಗಿಡದ ಬೇರು, ಮತ್ತು ಸತು ಕ್ಲೋರೈಡ್. ಎರಡನೆಯದು ಒಳ್ಳೆಯ ಚರ್ಮ, ಕೆಟ್ಟ ಚರ್ಮ ಎಂದು ನೋಡುವುದಿಲ್ಲ, ಸಿಕ್ಕಿದ್ದನ್ನು ಸುಡುತ್ತದೆ. ಅಮೆರಿಕದ ಔಷಧ ನಿಯಂತ್ರಕರೇ ಅದನ್ನು ನಕಲಿ ಕ್ಯಾನ್ಸರ್ ಮದ್ದುಗಳ ಪಟ್ಟಿಗೆ ಸೇರಿಸಿದ್ದಾರೆ. ಮೂಗಿಗೆ ಹಚ್ಚಿಕೊಂಡವರ ಮೂಗಿನ ಅಂಚೇ ಹೋದ ಉದಾಹರಣೆಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಇನ್ನು ಕೆಲವರಲ್ಲಿ ಮೇಲೆ ನಯವಾದ ಕಲೆ, ಅದರ ಕೆಳಗೆ ಕ್ಯಾನ್ಸರ್ ಹಾಗೆಯೇ ಬೆಳೆದಿತ್ತು.

ಹಚ್ಚುವ ಮದ್ದೇ ಇಲ್ಲ ಎಂದಲ್ಲ. ಇಮಿಕ್ವಿಮೋಡ್ ಕ್ರೀಮ್ ಇದೆ, ಫ್ಲೋರೋಯುರಾಸಿಲ್ ಇದೆ. ಆದರೆ ಅವು ಚರ್ಮದ ಮೇಲ್ಪದರದಲ್ಲಿ ತೆಳುವಾಗಿ ಹಬ್ಬಿದ, ಬೇಸಲ್ ಸೆಲ್ ಎನ್ನುವ ತಳಕೋಶ ಕ್ಯಾನ್ಸರ್‌ಗೆ, ಅದೂ ಚೂರು ತೆಗೆದು ಪರೀಕ್ಷಿಸಿ ಖಚಿತವಾದ ಮೇಲೆ. ಚರ್ಮದ ಕೆಳಗೆ ಉಂಡೆಯಾಗಿ ಕುಳಿತ ಗಡ್ಡೆಗಲ್ಲ. ಬ್ರಿಟನ್ನಿನಲ್ಲಿ ಅಪಾಯ ಕಡಿಮೆ ಇರುವ ತಳಕೋಶ ಕ್ಯಾನ್ಸರ್‌ಗಳಲ್ಲಿ ಇಮಿಕ್ವಿಮೋಡನ್ನು ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿ ಐದು ವರ್ಷ ನೋಡಿದರು. ಕ್ರೀಮಿನಲ್ಲಿ ಶೇಕಡಾ 82.5 ಜನರಿಗೆ ಯಶಸ್ಸು, ಶಸ್ತ್ರಚಿಕಿತ್ಸೆಯಲ್ಲಿ ಶೇಕಡಾ 97.7.

ಕಪ್ಪತಗುಡ್ಡದವ:
ಕೇಳಿದಿರಾ ಎಲ್ಲರೂ? ಬರೀ ಹಚ್ಚುವ ಮದ್ದಿನಿಂದ ಶೇಕಡಾ 82.5! ಅಂಗಡಿಯವರ ಬಾಯಿಂದಲೇ ಬಂದಿತು. ಚಾಕುವೇ ಬೇಕು ಎನ್ನುತ್ತಿದ್ದವರು ಈಗ ಎಲ್ಲಿದ್ದಾರೆ?

ಕೊಪ್ಪೀಕರ ರಸ್ತೆ ಔಷಧದಂಗಡಿ:
ನಾನು ಬರೆದದ್ದರಲ್ಲಿ ಒಂದು ಅಂಕಿಯನ್ನು ಮಾತ್ರ ಕಿತ್ತುಕೊಂಡಿರಿ. ಯಾವ ಕ್ಯಾನ್ಸರ್, ಯಾವ ಪದರ, ಪರೀಕ್ಷೆಯ ನಂತರ ಎಂಬುದೆಲ್ಲ ಕಸದ ಬುಟ್ಟಿಗೆ. ಹಾಗಾದರೆ ಗಿಡದ ಮದ್ದಿನ ಕಥೆಯನ್ನೇ ಕೇಳಿ. ಆಸ್ಟ್ರೇಲಿಯಾದಲ್ಲಿ ಕಳ್ಳಿಯ ಜಾತಿಗೆ ಸೇರಿದ ಒಂದು ಸಣ್ಣ ಕಳೆಯ ಹಾಲನ್ನು ಜನ ಚರ್ಮದ ಗಂಟುಗಳಿಗೆ ಹಚ್ಚುತ್ತಿದ್ದರು. ಕಂಪನಿಗಳು ಅದನ್ನು ಮೂಢನಂಬಿಕೆ ಎಂದು ಬಿಸಾಡಲಿಲ್ಲ. ಅದರಿಂದ ಇಂಜಿನಾಲ್ ಮೆಬ್ಯುಟೇಟ್ ಎಂಬ ಅಂಶ ತೆಗೆದು, ಜೆಲ್ ಮಾಡಿ, ಪ್ರಯೋಗ ನಡೆಸಿದರು. 2012ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು, ಕ್ಯಾನ್ಸರ್‌ಗಲ್ಲ, ಬಿಸಿಲಿನಿಂದ ಏಳುವ ಕ್ಯಾನ್ಸರ್‌ಪೂರ್ವ ಒರಟು ಮಚ್ಚೆಗಳಿಗೆ. ಆಮೇಲೆ ಏನಾಯಿತು? ಹಚ್ಚಿದ ಜಾಗದಲ್ಲಿಯೇ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಾಣುತ್ತಿದೆ ಎಂಬ ಆತಂಕದಿಂದ 2020ರಲ್ಲಿ ಯುರೋಪಿನ ಮಾರುಕಟ್ಟೆಯಿಂದ ಹೊರಬಿತ್ತು. ಅಳೆದು ತೂಗಿ ಮಾಡಿದ ಜೆಲ್ಲಿನ ಗತಿಯೇ ಹೀಗಿರುವಾಗ ಬೇಲಿಯ ಕಳ್ಳಿ ಮುರಿದು ಹಾಲು ಬಳಿಯುವವರನ್ನು ನೋಡಿ ನಾನು ಏನು ಹೇಳಲಿ?

ಬ್ಯಾಡಗಿ ದಲಾಲಿ:
ಕಂಪನಿಗಳ ಹೊಗಳಿಕೆ ಸಾಕು. ನನ್ನ ತಮ್ಮನ ಬೆನ್ನಿನ ಗಡ್ಡೆಗೆಂದು ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಒಂದು ಸ್ಕ್ಯಾನ್, ಇನ್ನೊಂದು ಸ್ಕ್ಯಾನ್, ರಕ್ತದ ಮೇಲೆ ರಕ್ತ. ಒಂದು ಹಂಗಾಮಿನ ಮೆಣಸಿನಕಾಯಿಯ ದಲಾಲಿ ಪೂರ್ತಿ ಅಲ್ಲಿಯೇ ಹೋಯಿತು. ಕೊನೆಗೆ "ಕೊಬ್ಬಿನ ಗಡ್ಡೆ, ಬಿಟ್ಟುಬಿಡಿ" ಎಂದರು. ಬಿಟ್ಟುಬಿಡಿ ಎನ್ನಲು ಅಷ್ಟು ಹಣವೇ? ಜನ ಲೇಪದ ಅಜ್ಜನ ಬಳಿಗೆ ಯಾಕೆ ಹೋಗುತ್ತಾರೆ ಎಂದು ಕೇಳುವ ಮೊದಲು ಇದಕ್ಕೆ ಉತ್ತರ ಕೊಡಿ. ಅಜ್ಜ ಒಂದು ತೆಂಗಿನಕಾಯಿ, ಒಂದು ಟವೆಲ್ ಕೇಳುತ್ತಾನೆ, ಕೈಯಲ್ಲಿ ಕೈ ಹಿಡಿದು ಮಾತಾಡಿಸುತ್ತಾನೆ.

ಸಪ್ತಾಪುರ ಮಾಸ್ತರ:
ಟವೆಲ್ ಕೊಟ್ಟರೆ ಕ್ಯಾನ್ಸರ್ ಹೋಗುತ್ತದೆಯೇ, ದಲಾಲಿಗಳೇ? ನಿಮ್ಮ ತಮ್ಮನಿಗೆ ಕೊಬ್ಬಿನ ಗಡ್ಡೆ ಎಂದು ಗೊತ್ತಾಯಿತು, ನಿದ್ದೆ ಬಂದಿತು. ಅಜ್ಜನ ಬಳಿ ಹೋಗಿದ್ದರೆ ಅದನ್ನೂ ಸುಟ್ಟು "ಕ್ಯಾನ್ಸರ್ ತೆಗೆದೆ" ಎನ್ನುತ್ತಿದ್ದ, ನೀವು ಇಂದು ಇಲ್ಲಿ ಅವನ ಜಾಹೀರಾತು ಬರೆಯುತ್ತಿದ್ದಿರಿ.

ಬ್ಯಾಡಗಿ ದಲಾಲಿ:
ಸಂಬಳದ ಮೇಲೆ ಬದುಕಿದವರಿಗೆ ಟವೆಲ್ಲಿನ ಬೆಲೆ ತಿಳಿಯುವುದಿಲ್ಲ.

ಉಣಕಲ್ ಸೊಸೆ:
ಎಲ್ಲರೂ ಇಷ್ಟು ಬರೆದಿದ್ದಕ್ಕೆ ವಂದನೆ. ಆದರೆ ನನ್ನ ಅತ್ತೆಯವರು ಕೇಳುವುದು ಬೇರೆಯದನ್ನು. ಸೂಜಿ ಚುಚ್ಚಿದರೆ ಗಡ್ಡೆ ಕೆರಳಿ ಮೈಯೆಲ್ಲ ಹರಡುತ್ತದೆ ಎನ್ನುತ್ತಾರೆ. ಅವರ ಅಕ್ಕನಿಗೆ ಹಾಗೆಯೇ ಆಯಿತಂತೆ. ಇದು ನಿಜವೇ? ಎಲ್ಲಿಗೆ ಕರೆದುಕೊಂಡು ಹೋಗಬೇಕು, ಖರ್ಚು ಎಷ್ಟಾಗುತ್ತದೆ?

ಹೋರಿ ಅಭಿಮಾನಿ, ಹಾವೇರಿ:
ಮಾಸ್ತರರು "ಕ್ಯಾನ್ಸರ್ ಎಂದವರು ಯಾರು" ಎಂದು ಕೇಳಿದ್ದಕ್ಕೆ ಉತ್ತರ: ನಮ್ಮ ಪಕ್ಕದ ಹೊಲದವರ ಹಸುವಿಗೂ ಗಂಟುಗಳು ಎದ್ದಿದ್ದವು, ಮೈತುಂಬ. 2022ರಲ್ಲಿ. ಅದಕ್ಕೂ ಬೇವು, ಅರಿಸಿನ, ಕುಪ್ಪಿ ಗಿಡ ಅರೆದು ಹಚ್ಚಿದರು. ಹೋಯಿತು. ಇದನ್ನು ಸರ್ಕಾರದವರೇ ಹೇಳಿಕೊಟ್ಟಿದ್ದರು. ಈಗ ಏನೆನ್ನುತ್ತೀರಿ?

ರಾಣೆಬೆನ್ನೂರು ನಿವೃತ್ತ ಪಶುವೈದ್ಯ:
ಅದು ಚರ್ಮಗಂಟು ರೋಗ. ವೈರಾಣು ರೋಗ, ಕ್ಯಾನ್ಸರ್ ಅಲ್ಲ. ಆ ವರ್ಷ ನಮ್ಮ ಜಿಲ್ಲೆಯಲ್ಲಿ ಎಷ್ಟು ದನ ಸತ್ತವು ಎಂದು ನೆನಪಿಸಿಕೊಂಡರೆ ಈಗಲೂ ಊಟ ಸೇರುವುದಿಲ್ಲ. ಗಂಟು ಒಡೆದು ನೊಣ ಕುಳಿತು ಹುಳ ಬೀಳದಿರಲಿ ಎಂದು ಆ ಲೇಪ ಹೇಳಿದ್ದು ನಿಜ, ನಾನೂ ಹೇಳಿದ್ದೇನೆ. ಬದುಕಿದ ದನಗಳು ತಮ್ಮ ಮೈಯ ಶಕ್ತಿಯಿಂದ ಬದುಕಿದವು. ತಡೆದದ್ದು ಲಸಿಕೆ. ಹೋರಿಯಿಂದ ಹಸುವಿಗೆ ಜಿಗಿದಿರಿ, ಮುಂದೆ ಎಮ್ಮೆಗೆ ಹೋಗುತ್ತೀರೋ ಹೇಗೆ?

ಡ್ರೆಸ್ಸಿಂಗ್ ಸಿಸ್ಟರ್:
ದನದ ಕೊಟ್ಟಿಗೆಯಿಂದ ಸ್ವಲ್ಪ ಹೊರಗೆ ಬನ್ನಿ. ಆ ಹೆಣ್ಣುಮಗಳು ಕೇಳಿದ್ದಕ್ಕೆ ಒಬ್ಬರೂ ಉತ್ತರಿಸಲಿಲ್ಲ.

ಅಕ್ಕಾವರೇ, ಸೂಜಿ ಪರೀಕ್ಷೆಗೆ ಬಳಸುವುದು ರಕ್ತ ತೆಗೆಯುವಂಥ ತೆಳು ಸೂಜಿ. ಕೆಲವು ನಿಮಿಷಗಳ ಕೆಲಸ, ಕೊಯ್ಯುವುದಿಲ್ಲ, ಅಂದೇ ಮನೆಗೆ ಬರಬಹುದು. ಸೂಜಿಯಿಂದ ಕ್ಯಾನ್ಸರ್ ಹರಡುವುದು ಅತಿ ವಿರಳ. ಜನರಿಗೆ ಹಾಗೆ ಅನ್ನಿಸುವುದಕ್ಕೆ ಕಾರಣ ಇದೆ: ಲೇಪ, ಹರಕೆ, ಭಸ್ಮ ಎಲ್ಲ ಮುಗಿದ ಮೇಲೆ ಕೊನೆಗೆ ಸೂಜಿಗೆ ಬರುತ್ತಾರೆ. ಅಷ್ಟರಲ್ಲಿ ರೋಗ ಹರಡಿರುತ್ತದೆ, ಅಪವಾದ ಸೂಜಿಯ ತಲೆಗೆ. ಅವರ ಅಕ್ಕ ಎಷ್ಟು ತಡವಾಗಿ ಹೋದರು ಎಂದು ಮೆಲ್ಲಗೆ ಕೇಳಿ ನೋಡಿ.

ನೀವು ಹುಬ್ಬಳ್ಳಿಯಲ್ಲಿಯೇ ಇದ್ದೀರಿ. ವಿದ್ಯಾನಗರದ ಕಿಮ್ಸ್‌ನಲ್ಲಿ (ಈಗಿನ ಹೆಸರು ಕೆಎಂಸಿಆರ್‌ಐ) ಶಸ್ತ್ರಚಿಕಿತ್ಸಾ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ಅದು ಸರ್ಕಾರಿ ಆಸ್ಪತ್ರೆ, ದಲಾಲಿಯವರು ಹೇಳಿದಂಥ ಖರ್ಚು ಬರುವುದಿಲ್ಲ. ಕ್ಯಾನ್ಸರ್ ಎಂದೇ ಬಂದರೆ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೇ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಹೋಗುವವರೆಗೆ ಅದರ ಮೇಲೆ ಏನನ್ನೂ ಹಚ್ಚಬೇಡಿ, ಶಾಖ ಕೊಡಬೇಡಿ, ಹಿಚುಕಬೇಡಿ. ಚರ್ಮ ಸುಟ್ಟಿದ್ದರೆ ವೈದ್ಯರಿಗೆ ಗಡ್ಡೆ ಯಾವುದು, ಸುಟ್ಟದ್ದು ಯಾವುದು ಎಂದು ತಿಳಿಯುವುದೇ ಕಷ್ಟ.

ಬೆಟಗೇರಿ ಆಯುರ್ವೇದ ವೈದ್ಯ:
ಭಸ್ಮ ಎಂದರೆ ಲೋಹ, ಖನಿಜಗಳನ್ನು ಸುಟ್ಟು ಮಾಡುವ ನಮ್ಮ ಔಷಧ, ಆ ಮಾತನ್ನು ಸಿಸ್ಟರ್ ಹರಕೆಯ ಪಕ್ಕದಲ್ಲಿ ಇಟ್ಟದ್ದು ಸರಿಯಲ್ಲ. ಐದೂವರೆ ವರ್ಷ ಓದಿ ಪದವಿ ಪಡೆದ ನಮ್ಮನ್ನು ಟವೆಲ್ ತೆಗೆದುಕೊಳ್ಳುವ ಅಜ್ಜನೊಂದಿಗೆ ಸೇರಿಸಬೇಡಿ. ಕ್ಷಾರಸೂತ್ರವನ್ನು, ಅಂದರೆ ಕ್ಷಾರ ಲೇಪಿಸಿದ ದಾರದ ಚಿಕಿತ್ಸೆಯನ್ನು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿದೆ, ಗೊತ್ತಿದೆಯೇ?

ಕಪ್ಪತಗುಡ್ಡದವ:
ಬಂದರು ನೋಡಿ, ನಮ್ಮ ವೈದ್ಯರು! ಹೇಳಿ ಸ್ವಾಮಿ, ಕ್ಷಾರದ ಮಹಿಮೆಯನ್ನು ಈ ಮಾಸ್ತರರಿಗೆ.

ಬೆಟಗೇರಿ ಆಯುರ್ವೇದ ವೈದ್ಯ:
ನಾನು ನಿಮ್ಮ ಪಕ್ಷದವನೆಂದು ಯಾರು ಹೇಳಿದರು? ಆ ಪರೀಕ್ಷೆ ನಡೆದದ್ದು ಭಗಂದರಕ್ಕೆ, ಗುದದ ನಾಳದ ಹುಣ್ಣಿಗೆ. ಅರ್ಬುದಕ್ಕಲ್ಲ, ಅಂದರೆ ಗಡ್ಡೆಗಲ್ಲ. ನೀವು ಸುಶ್ರುತನ ಹೆಸರು ಹೇಳಿ ಅರ್ಧಕ್ಕೇ ನಿಂತಿರಿ. ಅವನ ಸಂಹಿತೆಯ ಚಿಕಿತ್ಸಾ ಸ್ಥಾನದ ಹದಿನೆಂಟನೆಯ ಅಧ್ಯಾಯದಲ್ಲಿ, ಗ್ರಂಥಿ ಮತ್ತು ಅರ್ಬುದಗಳ ಚಿಕಿತ್ಸೆ ಹೇಳುವಲ್ಲಿ, ಅವನೇ ಎಚ್ಚರಿಸುತ್ತಾನೆ: ದೋಷವನ್ನು ಸ್ವಲ್ಪ ಉಳಿಸಿ ತೆಗೆದ ಅರ್ಬುದ ಬೇಗನೆ ಮತ್ತೆ ಹುಟ್ಟುತ್ತದೆ, ಉಳಿದ ಕಿಡಿ ಬೆಂಕಿಯಾಗುವಂತೆ ಅದು ರೋಗಿಯನ್ನು ಕೊಲ್ಲುತ್ತದೆ, ಆದ್ದರಿಂದ ಚೂರೂ ಉಳಿಯದಂತೆ ತೆಗೆಯಬೇಕು. ಪೂರ್ತಿ ತೆಗೆದಿದ್ದೇವೆ ಎಂದು ನಿಮ್ಮ ಅಜ್ಜ ಯಾವ ಕಣ್ಣಿನಿಂದ ನೋಡುತ್ತಾನೆ?

ಕ್ಯಾನ್ಸರ್ ವಾಸಿ ಮಾಡುತ್ತೇನೆಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧ. ನನಗೂ ಅಪರಾಧ, ಅಜ್ಜನಿಗೂ ಅಪರಾಧ. ಇಷ್ಟಾಗಿಯೂ ಭಸ್ಮದ ಮಾತನ್ನು ಸಿಸ್ಟರ್ ಹಿಂತೆಗೆದುಕೊಳ್ಳಬೇಕು.

ಡ್ರೆಸ್ಸಿಂಗ್ ಸಿಸ್ಟರ್:
ಕಂಡದ್ದನ್ನು ಬರೆದಿದ್ದೇನೆ, ವೈದ್ಯರೇ. ಹಿಂತೆಗೆದುಕೊಳ್ಳುವುದಿಲ್ಲ.

ಕಪ್ಪತಗುಡ್ಡದವ:
ಪದವಿ ಬಂದ ಮೇಲೆ ಆಯುರ್ವೇದದವರೂ ಇಂಗ್ಲಿಷ್ ವೈದ್ಯರ ಬಾಲ ಹಿಡಿಯುತ್ತಾರೆ ಎಂದು ಕೇಳಿದ್ದೆ, ಇಂದು ಕಣ್ಣಾರೆ ಕಂಡೆ. ಒಂದು ಮಾತು ಹೇಳಿ: ಚರ್ಮದ ಕ್ಯಾನ್ಸರ್ ಬಿಳಿಯರ ರೋಗ. ನಮ್ಮ ಕರಿಚರ್ಮದವರಿಗೆ ಅದು ಬರುವುದೇ ಇಲ್ಲ ಎಂದ ಮೇಲೆ ಈ ಭಯ ಯಾಕೆ?

ಸಪ್ತಾಪುರ ಮಾಸ್ತರ:
ಮೊದಲು ಲೇಪದಿಂದ ಕ್ಯಾನ್ಸರ್ ಹೋಗುತ್ತದೆ ಎಂದಿರಿ, ಈಗ ಕ್ಯಾನ್ಸರೇ ಬರುವುದಿಲ್ಲ ಎನ್ನುತ್ತೀರಿ. ಬಿಳಿಯರಿಗಿಂತ ಬಹಳ ಕಡಿಮೆ, ಅದು ನಿಜ. ಬರುವುದೇ ಇಲ್ಲ ಎಂಬುದು ಸುಳ್ಳು. ನಮ್ಮಲ್ಲಿ ಹಳೆಯ ಸುಟ್ಟ ಕಲೆಯ ಮೇಲೆ ವರ್ಷಗಳ ನಂತರ ಹುಣ್ಣಾಗಿ ಏಳುತ್ತದೆ. ಅಂಗಾಲಿನಲ್ಲಿ ಕಪ್ಪು ಮಚ್ಚೆಯಾಗಿ ಬರುತ್ತದೆ. ದೋತರವನ್ನು ಬಿಗಿಯಾಗಿ ಉಡುವ ಸೊಂಟದ ಗೆರೆಯಲ್ಲಿ ಬರುವ ಕ್ಯಾನ್ಸರ್ ಬಗ್ಗೆ ಮುಂಬೈಯ ವೈದ್ಯರು 1945ರಲ್ಲಿಯೇ ಬರೆದಿದ್ದಾರೆ, ಸೀರೆಯ ಬಗ್ಗೆಯೂ ಆಮೇಲೆ ವರದಿಗಳು ಬಂದಿವೆ. ಇನ್ನು ಕತ್ತಿನಲ್ಲಿ ಸಾಲುಸಾಲಾಗಿ ಏಳುವ ಗಂಟುಗಳು ನಮ್ಮ ಕಡೆ ಎಷ್ಟೋ ಸಲ ಕ್ಷಯ. ಆರು ತಿಂಗಳ ಮಾತ್ರೆಯಿಂದ ಹೋಗುವ ರೋಗ, ಸರ್ಕಾರ ಉಚಿತವಾಗಿ ಕೊಡುತ್ತದೆ. ಅದಕ್ಕೂ ಲೇಪ ಕಟ್ಟಿ, ಒಡೆಸಿ, ವರ್ಷಗಟ್ಟಲೆ ಸೋರುವಂತೆ ಮಾಡಿಕೊಂಡವರನ್ನು ನಾನು ಬಲ್ಲೆ.

ಬ್ಯಾಡಗಿ ದಲಾಲಿ:
ಸರ್ಕಾರ ಉಚಿತವಾಗಿ ಕೊಡುತ್ತದಂತೆ. ಸರದಿಯಲ್ಲಿ ನಿಂತು ನೋಡಿದ್ದೀರಾ, ಮಾಸ್ತರರೇ? ಬೆಳಿಗ್ಗೆ ಹೋದವನು ಸಂಜೆ ಬರುತ್ತಾನೆ, ದಿನದ ಕೂಲಿ ಹೋಗುತ್ತದೆ. ಸಿಸ್ಟರ್ ಹೇಳಿದ ಚೀಟಿಯ ಮಾತನ್ನು ಒಪ್ಪುತ್ತೇನೆ, ನನ್ನ ತಮ್ಮನನ್ನು ಅಲ್ಲಿಗೇ ಒಯ್ಯಬೇಕಿತ್ತು. ಆದರೆ ನೀವು ಉಚಿತ ಎಂಬ ಮಾತನ್ನು ಇಷ್ಟು ಸಲೀಸಾಗಿ ಆಡಬೇಡಿ.

ಸಪ್ತಾಪುರ ಮಾಸ್ತರ:
ಸರದಿಯಲ್ಲಿ ನಿಂತಿದ್ದೇನೆ. ನಿಲ್ಲುವಾಗ ಓದಲು ಒಂದು ಪುಸ್ತಕ ಒಯ್ಯುತ್ತೇನೆ.

ಬೆಟಗೇರಿ ಆಯುರ್ವೇದ ವೈದ್ಯ:
ಸಿಸ್ಟರ್ ಇನ್ನೂ ಭಸ್ಮದ ಮಾತನ್ನು ಹಿಂತೆಗೆದುಕೊಂಡಿಲ್ಲ.

ಹೋರಿ ಅಭಿಮಾನಿ, ಹಾವೇರಿ:
ನಮ್ಮ ಹೋರಿಯ ಕೋಡಿನ ಫೋಟೋ ಹುಡುಕಿ ಹಾಕಿದ್ದೇನೆ, ಕಲೆ ಈಗಲೂ ಕಾಣುತ್ತದೆ. ನರಹುಲಿಗೆ ಇಷ್ಟು ದೊಡ್ಡ ಕಲೆ ಆಗುತ್ತದೆಯೇ ಎಂದು ಪಶುವೈದ್ಯರು ನೋಡಿ ಹೇಳಲಿ.

ರಾಣೆಬೆನ್ನೂರು ನಿವೃತ್ತ ಪಶುವೈದ್ಯ:
ನೋಡಿದೆ. ಕಲೆ ಲೇಪದ್ದು.